ಒದ್ದೆ ದುಪ್ಪಟಿ

ಬಕೆಟ್ ಮುಕ್ಕಾಲು ತುಂಬಿತ್ತು. ಅವಳು ಗಡಿಯಾರದ ಮುಳ್ಳಿನಿಂದ ಕಣ್ಣು ಕೀಳದೆ ನಿಂತಿದ್ದಳು. ಐವತ್ತಾರು, ಐವತ್ತೇಳು, ಐವತ್ತೆಂಟು. ನೀರು ಅಂಚಿನಿಂದ ತುಳುಕಿದಾಗ ಪುಸ್ತಕ ತೆರೆದು ಬರೆದುಕೊಂಡಳು. ಹಳೆಯ ಮಣ್ಣಿನ ಅಣೆಕಟ್ಟಿನ ಬುಡದಲ್ಲಿ, ಒಳಗಿನಿಂದ ಜಿನುಗಿದ ನೀರು ಹೊರಬೀಳುವ ಕೊಳವೆಯ ಎದುರು, ಜಿನುಗು ಅಳೆಯುವ ನೌಕರಿಯಲ್ಲಿ ಹದಿನೆಂಟು ವರ್ಷಗಳಿಂದ ಅವಳ ಬೆಳಗು ಹೀಗೇ ಶುರುವಾಗುತ್ತಿತ್ತು. ಮೊದಲು ಬಕೆಟ್ ತುಂಬಲು ಇಪ್ಪತ್ತೆರಡು ಸೆಕೆಂಡು ಸಾಕಿತ್ತು. ಇಲ್ಲಿನ ಮೇಸ್ತ್ರಿಯಾದ ಅವಳ ಗಂಡ ಎರಡು ತಿಂಗಳು ಏರಿಯ ಮೇಲೆ ತೂತು ಕೊರೆಸಿ, ಒಳಗಿನ ಸಂದು ಮುಚ್ಚಲು ಸಿಮೆಂಟ್ ಹಾಲು ಇಳಿಸಿದ ಮೇಲೆ ಜಿನುಗು ಸಣ್ಣದಾಯಿತು. ಬಕೆಟ್ ನಿಧಾನವಾದಷ್ಟೂ ಎಲ್ಲರ ಮುಖ ಅರಳಿತು.

ಕೊನೆಗೆ ಒಂದು ಗಾಜಿನ ಬಾಟಲಿ ತುಂಬಿಸಿ ಮನೆಗೆ ತರುವುದು ರೂಢಿ. ಸಂಜೆಯವರೆಗೆ ಕಿಟಕಿಯಲ್ಲಿಟ್ಟು ತಳ ನೋಡಬೇಕು. ತಿಳಿಯಾಗಿದ್ದರೆ ಚಿಂತೆಯಿಲ್ಲ. ತಳದಲ್ಲಿ ಮಣ್ಣು ಕೂತರೆ ಕಟ್ಟೆ ಒಳಗೊಳಗೇ ಕರಗುತ್ತಿದೆ ಎಂದರ್ಥ.

“ಹೆತ್ತ ಮಕ್ಕಳ ಜ್ವರ ನೋಡಿದ್ದಕ್ಕಿಂತ ಈ ಬಾಟಲಿ ನೋಡಿದ್ದೇ ಜಾಸ್ತಿ ಇವಳು,” ಎಂದು ಅತ್ತೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಅಂದಿನ ಬಾಟಲಿಯೂ ತಿಳಿಯಾಗಿಯೇ ಇತ್ತು. ಮೂರು ದಿನದೊಳಗೆ ಚಂಡಮಾರುತ ಬರುತ್ತದೆಂದು ರೇಡಿಯೋ ಸಾರುತ್ತಿತ್ತು. ತುಂಬಿದ ನೀರನ್ನು ಹಾಗೇ ಬಿಡುವುದೋ, ತೂಬು ತೆರೆದು ಇಳಿಸುವುದೋ ಎಂದು ಮರುದಿನ ಎಂಜಿನಿಯರ್ ಬಂದು ತೀರ್ಮಾನಿಸುವವರಿದ್ದರು. ಇಳಿಸಿದರೆ ದುರಸ್ತಿಯ ಮೇಲೆ ನಂಬಿಕೆಯಿಲ್ಲವೆಂದು ಊರಿಗೆಲ್ಲ ಹೇಳಿದಂತೆ.

ಬಿಸಿಲಿರುವಾಗಲೇ ಒಣಗಲೆಂದು ಅವಳು ದುಪ್ಪಟಿಗಳನ್ನು ಮನೆಯ ಹಿಂದೆ, ಏರಿಯ ಇಳಿಜಾರಿನ ಕಲ್ಲುಹಾಸಿನ ಮೇಲೆ ಹರಡಿದ್ದಳು. ಮಧ್ಯಾಹ್ನ ಎತ್ತಿದರೆ ಮೇಲುಭಾಗ ಗರಿಗರಿ, ಅಡಿ ಒದ್ದೆ. ಹತ್ತು ದಿನದಿಂದ ಹೀಗೇ. ಕೈಯಲ್ಲಿ ಹಿಂಡುವ ಕಸುವಿಲ್ಲವೇ ಎಂದು ಅತ್ತೆ ಚುಚ್ಚಿದಾಗಲೆಲ್ಲ ಅವಳೂ ತನ್ನ ಕೈಯನ್ನೇ ದೂರಿಕೊಂಡಿದ್ದಳು. ಕಲ್ಲಿನ ಮೇಲೆ ಅನುಮಾನ ಬಂದಿರಲಿಲ್ಲ. ಇಂದು ಬಗ್ಗಿ ಒಂದು ಕಲ್ಲು ಎತ್ತಿದಳು. ಅಡಿಯಲ್ಲಿ ನೀರು ಮೆಲ್ಲಗೆ ಉಕ್ಕುತ್ತಿತ್ತು.

ಜಿನುಗು ನಿಂತಿರಲಿಲ್ಲ. ದಾರಿ ಬದಲಿಸಿತ್ತು. ಅದು ಇಲ್ಲಿ ಹಾಯುತ್ತಿದ್ದಾಗ ಅವಳು ಅಲ್ಲಿ ಕೊಳವೆಯ ಎದುರು ನಿಂತು ಸೆಕೆಂಡು ಎಣಿಸಿ ಹಿಗ್ಗಿದ್ದಳು. ಮನೆಯೊಳಗಿಂದ ಇನ್ನೊಂದು ಬಾಟಲಿ ತಂದಳು.

ಸಂಜೆಗೆ ಕಿಟಕಿಯಲ್ಲಿ ಎರಡನೇ ಬಾಟಲಿ ಇತ್ತು. ತಳದಲ್ಲಿ ಬೆರಳಗಲ ಮಣ್ಣು. ಗಂಡ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಕಲ್ಲೆತ್ತಿದಾಗ ನೀನೇ ಕೆದಕಿದ ಮಣ್ಣಿದು.”

“ಅದೆಲ್ಲ ಹರಿದು ಹೋಗೋವರೆಗೂ ಕಾದೇ ತುಂಬಿಸಿದ್ದು.”

ಅವನು ಬಾಟಲಿ ಕೆಳಗಿಟ್ಟ. ಗಾಳಿಮಳೆ ಕಳೆಯಲಿ, ತಾನೇ ನೋಡುತ್ತೇನೆ ಎಂದ. ಬಾಗಿಲವರೆಗೆ ಹೋದವನು ತಿರುಗಿ ನಿಂತ. “ನಾಳೆ ಮಾತ್ರ ಎಂಜಿನಿಯರ್ ಮುಂದೆ ಇದನ್ನ ತರಬೇಡ ಕಣೇ. ಇಷ್ಟು ವರ್ಷಕ್ಕೆ ಒಂದು ಕೆಲಸ ನನ್ನದು ಅಂತ ಆಗಿದೆ.”

ಬೈದಿದ್ದರೆ ಅವಳು ಎದುರು ಮಾತಾಡುತ್ತಿದ್ದಳು. ಬೇಡಿಕೊಂಡ. ಸಿಮೆಂಟಿನಿಂದ ಬಿರಿದ ಆ ಅಂಗೈಗಳಿಗೆ ಎರಡು ತಿಂಗಳೂ ಎಣ್ಣೆ ಸವರಿದವಳು ಅವಳೇ. ಮರಳಚೀಲ ಜೋಡಿಸಲು ಅವನು ಏರಿಯ ಕಡೆ ನಡೆದುಹೋದ. ಅವನ ಬೆನ್ನಿನಾಚೆ, ಕೆಳಗಿನ ಬೀದಿಗಳಲ್ಲಿ ದೀಪ ಹತ್ತುತ್ತಿದ್ದವು. ಮೂರನೇ ಸಾಲಿನ ಕೊನೆಯದು ಅವಳ ಅಕ್ಕನ ಮನೆ. ಅಕ್ಕ ಈ ಹೊತ್ತಿಗೆ ಮೊಮ್ಮಗುವನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಓಡಾಡುತ್ತಾಳೆ.

“ಇವತ್ತೂ ಸರಿಯಾಗಿ ಹಿಂಡಿಲ್ಲ ನೀನು,” ಅತ್ತೆ ಒಳಗಿನಿಂದ ಗೊಣಗಿದರು.

“ಇನ್ನು ಅಲ್ಲಿ ಒಣಗಿಸಲ್ಲ ಬಿಡಿ ಅತ್ತೆ.”

ಅವಳು ಮಣ್ಣು ಕೂತ ಬಾಟಲಿಯನ್ನು ಒದ್ದೆ ದಿಂಬಿನ ಚೀಲದಲ್ಲಿ ಸುತ್ತಿ, ಕೆಲಸದ ಚೀಲದೊಳಗೆ ಪುಸ್ತಕದ ಪಕ್ಕ ನಿಲ್ಲಿಸಿದಳು. ಎಂಜಿನಿಯರ್ ಕಚೇರಿ ತೆರೆಯುವುದು ಎಂಟಕ್ಕೆ. ಗಡಿಯಾರದ ಕೀಲಿ ತಿರುಗಿಸಿ, ಅಲಾರಂ ಮುಳ್ಳನ್ನು ದಿನದ ಹೊತ್ತಿಗಿಂತ ಒಂದು ಗಂಟೆ ಮುಂಚೆಗೆ ಇಟ್ಟಳು.