ಸಂಜೆಯವರ ಪಾಲು

"ಲೆಕ್ಕದಲ್ಲಿ ಫೇಲಾದ ಐವತ್ತು ಜನರಲ್ಲಿ ಮೂವತ್ತು ಜನ ಸಂಜೆಯವರೇ. ಇನ್ನು ಮಾತೇನಿದೆ ಮೇಡಂ? ಸಂಜೆ ತರಗತಿ ಮುಚ್ಚಿಬಿಡೋಣ," ಎಂದು ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಲೆಕ್ಕದ ಮೇಡಂಗೆ ಎದುರಿಗೆ ಕೂತವರು ಕಾಲೇಜಿನಲ್ಲಿ ಸರ್, ಮನೆಯಲ್ಲಿ ಗಂಡನ ಅಣ್ಣ. ಹಗಲೆಲ್ಲ ಅಂಗಡಿ, ಗ್ಯಾರೇಜು, ಆಸ್ಪತ್ರೆ ಎಂದು ದುಡಿದು ಸಂಜೆ ಬಂದು ಬೆಂಚಿನ ಮೇಲೆ ಕೂರುವವರಿಗೆ ಪಾಠ ಹೇಳುವವಳು ಆಕೆ. ಬೆಳಗಿನವರಿಗೆ ಲೆಕ್ಕ ಹೇಳುವವರು ಸ್ವತಃ ಪ್ರಿನ್ಸಿಪಾಲರು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆಡಿದರೆ ಅದು ಯಾರ ಬುಡಕ್ಕೆ ಬರುತ್ತದೆಂಬುದೂ ಗೊತ್ತಿತ್ತು. ಮನೆಗೆ ಒಯ್ದು ಊಟದ ಹೊತ್ತಿನಲ್ಲಿ ಆಡುವುದಕ್ಕಿಂತ ಇಲ್ಲೇ ಮುಗಿಸುವುದು ಮೇಲು ಅನ್ನಿಸಿತು.

"ಸಂಜೆಯವರು ಒಟ್ಟು ಎಷ್ಟು ಜನ, ಸರ್?"

"ಮುನ್ನೂರು."

"ಬೆಳಗಿನವರು?"

"ನೂರು. ಅದಕ್ಕೇನೀಗ?"

"ನೀವು ಫೇಲಾದವರನ್ನ ಹಿಡಿದು, ಎಲ್ಲಿಯವರಪ್ಪಾ ಅಂತ ಕೇಳಿದ್ರಿ. ನಾನು ಸಂಜೆಯವನೊಬ್ಬನನ್ನ ಹಿಡಿದು, ಇವನು ಫೇಲಾಗೋ ಸಂಭವ ಎಷ್ಟು ಅಂತ ಕೇಳ್ತೀನಿ. ಮುನ್ನೂರಕ್ಕೆ ಮೂವತ್ತು, ಅಂದ್ರೆ ಹತ್ತರಲ್ಲಿ ಒಬ್ಬ. ಬೆಳಗಿನವರಲ್ಲಿ ನೂರಕ್ಕೆ ಇಪ್ಪತ್ತು, ಹತ್ತರಲ್ಲಿ ಇಬ್ಬರು. ಸಂಜೆ ಜನ ಜಾಸ್ತಿ. ಅದಕ್ಕೇ ಫೇಲಾದವರ ಸಾಲಿನಲ್ಲೂ ಅವರೇ ಜಾಸ್ತಿ ಕಾಣ್ತಾರೆ."

ಪ್ರಿನ್ಸಿಪಾಲರು ಸೋಲೊಪ್ಪುವ ಜಾತಿಯವರಲ್ಲ. "ಇಡೀ ಕಾಲೇಜು ಹಿಡಿದರೆ?" ಎಂದರು, ಪರೀಕ್ಷೆ ಮಾಡುವವರಂತೆ.

"ನಾಲ್ಕರಲ್ಲಿ ಮೂರು ಪಾಲು ಸಂಜೆಯವರು, ಒಂದು ಪಾಲು ಬೆಳಗಿನವರು. ಅವರವರ ಪಾಲಿಗೆ ತಕ್ಕಂತೆ ಕೂಡಿಸಿದ್ರೆ ಎಂಟರಲ್ಲಿ ಒಬ್ಬ. ಸಂಜೆ ಮುಚ್ಚಿ ನೋಡಿ, ಐದರಲ್ಲಿ ಒಬ್ಬ ಆಗ್ತಾನೆ."

ಅವರು ಬೆರಳಿನಿಂದ ಮೇಜಿನ ಮೇಲೆ ಏನೋ ಗೀಚಿ ಗೀಚಿ ನೋಡಿದರು. ಎತ್ತ ತಿರುಗಿಸಿದರೂ ಉತ್ತರ ಅದೇ.

"ಅಂತೂ ನನ್ನ ಪಾಠದ ಬುಡಕ್ಕೇ ತಂದಿಟ್ಟೆಯಲ್ಲಮ್ಮಾ."

"ಪಾಠ ಅಂತ ನಾನೆಲ್ಲಿ ಹೇಳಿದೆ ಭಾವ? ಎಲ್ಲಿ ನೋಡಬೇಕು ಅನ್ನೋದಷ್ಟೇ ಲೆಕ್ಕ ಹೇಳುತ್ತೆ. ಯಾಕೆ ಅನ್ನೋದನ್ನ ನಾವೇ ಹೋಗಿ ಹುಡುಕಬೇಕು."

ಅವರು ಕನ್ನಡಕ ಹಾಕಿಕೊಂಡು ಬೇರೆ ಕಾಗದ ಎಳೆದುಕೊಂಡರು. ಮುಚ್ಚುವ ಮಾತು ಮಾತ್ರ ಮತ್ತೆ ಬರಲಿಲ್ಲ. ಆಕೆಗೆ ಅಷ್ಟು ಸಾಕಾಗಿತ್ತು.

ಆ ಸಂಜೆ ಪಾಠ ಅರ್ಧಕ್ಕೆ ಬಂದಾಗ ಹಿಂದಿನ ಬಾಗಿಲು ತೆರೆಯಿತು. ಪ್ರಿನ್ಸಿಪಾಲರು ಒಳಗೆ ಬಂದು, ಎದ್ದು ನಿಲ್ಲಹೊರಟವರಿಗೆಲ್ಲ ಕೂರಿ ಎಂದು ಕೈಸನ್ನೆ ಮಾಡಿ, ಕಡೆಯ ಬೆಂಚಿನ ತುದಿಯಲ್ಲಿ ಕೂತರು. ಮೇಡಂ ನೋಡಿಯೂ ನೋಡದವಳಂತೆ ಪಾಠ ಮುಂದುವರಿಸಿದಳು.

"ಅಕ್ಕಾ, ತಲೆಗೆ ಹತ್ತಲಿಲ್ಲ. ಇನ್ನೊಂದು ಸಲ ಹೇಳಿ," ಎಂದಳು ಅದೇ ಬೆಂಚಿನ ಹೊಲಿಗೆಯಾಕೆ.

"ನನಗೂ ಅಷ್ಟೇ," ಎಂದಿತು ಇನ್ನೊಂದು ದನಿ. ನಾಲ್ಕಾರು ಜನ ನಕ್ಕರು.

ತಮ್ಮ ತರಗತಿಯಲ್ಲಿ ಒಬ್ಬರೂ ಉಸಿರೆತ್ತುವುದಿಲ್ಲ ಎಂದು ಭಾವ ಮನೆಗೆ ಬಂದವರೆದುರೆಲ್ಲ ಹೇಳಿಕೊಳ್ಳುತ್ತಿದ್ದರು. ಈಗ ಅವರು ಮಾತಾಡಿದವಳ ಕಡೆಗೇ ತಿರುಗಿ ಕೂತಿದ್ದರು. ಮೇಡಂ ಹಲಗೆ ಒರೆಸಿ ಮೊದಲಿನಿಂದ ಶುರುಮಾಡಿದಳು. ಹೊಲಿಗೆಯಾಕೆ ತನ್ನ ಚೀಲವನ್ನು ತೊಡೆಯ ಮೇಲೆತ್ತಿಕೊಂಡು, ಅವರಿಗೆ ಹಲಗೆ ಕಾಣುವಂತೆ ತುಸು ಸರಿದು ಕೂತಳು.