ಭಾನುವಾರದ ಮಿನಿಟ್ಸ್

ಅವರು ನಮ್ಮ ಮನೆಯನ್ನು ಆರಿಸಿಕೊಂಡದ್ದಕ್ಕೆ ನನ್ನ ಘನತೆ ಕಾರಣವಲ್ಲ, ನನ್ನ ಹೆಂಡತಿ ಹೇಮಲತಾಳ ಅಡುಗೆಮನೆ ಕಾರಣ. ಗಿಲಾದ್ ಇಸ್ರೇಲಿನವನು, ಮ್ಯಾಂಚೆಸ್ಟರಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ. ನಿದಾಲ್ ಪ್ಯಾಲೆಸ್ಟೀನಿನವನು, ನಾಟಿಂಗ್‌ಹ್ಯಾಮ್‌ನಲ್ಲಿ ಸಾರ್ವಜನಿಕ ಆರೋಗ್ಯ ಓದುತ್ತಿದ್ದ. ಇಬ್ಬರೂ ಒಂದೇ ಮೇಜಿಗೆ ಕೂತು ತಿನ್ನುವಂಥ ಜಾಗ ಹುಡುಕಿದರೆ ಒಂದು ಕಡೆ ಮಾಂಸದ ತಕರಾರು, ಇನ್ನೊಂದು ಕಡೆ ಅಂಗಡಿಯವನು ಯಾರ ಪಕ್ಷ ಅನ್ನುವ ತಕರಾರು. ಮೈಸೂರಿನ ಉಪ್ಪಿಟ್ಟಿಗೆ ಯಾವ ಧರ್ಮದ ಆಕ್ಷೇಪವೂ ಇರಲಿಲ್ಲ. ಜೊತೆಗೆ ನಾವಿರುವ ಲೀಡ್ಸ್‌ನಲ್ಲಿ ರಂಗನಾಥ ಎಂಬ ನನ್ನಂಥ ಐಟಿ ಮ್ಯಾನೇಜರನನ್ನು ಕಂಡು ಹೆದರುವವರು ಯಾರೂ ಇಲ್ಲ.

ಇಬ್ಬರನ್ನೂ ಸೇರಿಸಿದವಳು ಹರ್ಷಿತಾ. ಧಾರವಾಡದವಳು, ಇಲ್ಲಿ ಶಾಂತಿ ಅಧ್ಯಯನದಲ್ಲಿ ಎಂ.ಎ. ಓದುತ್ತಿದ್ದಳು. 'ಅಂಕಲ್, ನಿಮ್ಮನೇಲಿ ತಿಂಗಳಿಗೆ ಎರಡು ಭಾನುವಾರ ಕೂತ್ಕೋಬಹುದಾ?' ಅಂತ ಕೇಳಿದಳು. ಊರ ಉಸಾಬರಿ ಅಂದರೆ ನನಗೆ ಮೊದಲಿಂದಲೂ ಹಬ್ಬ. ಒಪ್ಪಿಕೊಂಡೆ.

ಶಾಂತಿಯ ಮಾತುಕತೆ ಅಂದರೆ ದೊಡ್ಡವರು ಬಾವುಟಗಳ ಮುಂದೆ ಕೈಕುಲುಕುವುದು ಎಂದೇ ನಾನು ತಿಳಿದಿದ್ದೆ. ಇವರಿಬ್ಬರು ಮಾತಾಡಿದ್ದು ಒಂದು ಆಂಬುಲೆನ್ಸಿನ ಬಗ್ಗೆ. ನಿದಾಲ್‌ನ ತಾಯಿಗೆ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಹಳ್ಳಿಯಿಂದ ನಾಬ್ಲಸ್‌ನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕು. ಮಧ್ಯೆ ಇಸ್ರೇಲಿ ಸೇನೆಯ ಚೆಕ್‌ಪೋಸ್ಟ್. ಆಂಬುಲೆನ್ಸ್ ಓಡಿಸುವವನು ನಿದಾಲ್‌ನ ಅಣ್ಣ ಮುನೀರ್. ಒಂದು ದಿನ ಅರ್ಧ ಗಂಟೆ ಕಾಯಬೇಕು, ಇನ್ನೊಂದು ದಿನ ಮೂರು ಗಂಟೆ. ತಡವಾದರೆ ಯಂತ್ರ ಬೇರೆ ರೋಗಿಗೆ ಹೋಗುತ್ತದೆ, ತಾಯಿ ಹಾಗೆಯೇ ಮನೆಗೆ ವಾಪಸ್ಸು.

ಗಿಲಾದ್ ಆರು ವರ್ಷ ಸೇನೆಯ ಗುಪ್ತಚರ ವಿಭಾಗದಲ್ಲಿದ್ದವನು. ಬೇರೆಯವರ ಫೋನು ಕೇಳುವುದೇ ಅವನ ಕೆಲಸವಾಗಿತ್ತು. ತಪಾಸಣೆಯಲ್ಲಿ ಸರಿಯಾಗಿ ನೋಡದೆ ಬಿಟ್ಟ ಬಾಂಬಿನ ಗಾಡಿಯೊಂದರಿಂದಾಗಿ ಅವನ ಇಬ್ಬರು ಗೆಳೆಯರು ಸತ್ತಿದ್ದರು. 'ಆ ಗಾಡಿ ಯಾವುದು, ನಿನ್ನ ಅಮ್ಮನ ಗಾಡಿ ಯಾವುದು ಅಂತ ಹತ್ತೊಂಬತ್ತು ವರ್ಷದ ಸಿಪಾಯಿಗೆ ಹೇಗೆ ಗೊತ್ತಾಗಬೇಕು?' ಎಂದು ಮೊದಲ ದಿನವೇ ಕೇಳಿದ್ದ. 'ಅಮ್ಮನ ಕೈ ನೋಡಿದರೆ ಸಾಕು. ಸೂಜಿ ಚುಚ್ಚಿ ಚುಚ್ಚಿ ಗಂಟು ಕಟ್ಟಿದೆ,' ಅಂದಿದ್ದ ನಿದಾಲ್. ಅದಾದ ಮೇಲೆ ಅವತ್ತು ಇಬ್ಬರೂ ಕಾಫಿ ಕುಡಿದು ಹೋದರು.

ಆದರೂ ಮತ್ತೆ ಬಂದರು. ನಾಲ್ಕು ತಿಂಗಳು ಬಂದರು. ಒಳಗೆ ಬಂದ ಕೂಡಲೇ ಫೋನುಗಳನ್ನು ಹೇಮಲತಾಳ ತರಕಾರಿ ಬುಟ್ಟಿಗೆ ಹಾಕಬೇಕು ಅನ್ನುವುದು ಗಿಲಾದ್‌ನ ನಿಯಮ. ಕಿರುಚಾಡಿದರು, ಒಮ್ಮೆ ನಿದಾಲ್ ಬಾಗಿಲು ಬಡಿದುಕೊಂಡು ಹೋಗಿ ಬಸ್‌ಸ್ಟಾಪಿನಿಂದ ವಾಪಸ್ಸು ಬಂದ. ಕೊನೆಗೆ ಒಂದು ಉಪಾಯ ಹುಟ್ಟಿತು. ಹೊರಡುವ ಅರ್ಧ ಗಂಟೆ ಮೊದಲು ಡ್ರೈವರ್ ಒಂದು ನಂಬರಿಗೆ ಸುದ್ದಿ ಮುಟ್ಟಿಸುವುದು: ಯಾವ ಗಾಡಿ, ಯಾವ ರೋಗಿ. ಸೇನೆಯಲ್ಲಿ ಇನ್ನೂ ಇರುವ ಗಿಲಾದ್‌ನ ಹಳೆಯ ಗೆಳೆಯನೊಬ್ಬ ಚೆಕ್‌ಪೋಸ್ಟಿಗೆ ತಿಳಿಸುವುದು. ಐದು ನಿಮಿಷದಲ್ಲಿ ತಪಾಸಣೆ ಮುಗಿಯುವುದು. ಒಂದು ಚೆಕ್‌ಪೋಸ್ಟು, ಒಂದು ಗಾಡಿ, ಒಂದು ತಿಂಗಳ ಪ್ರಯೋಗ. ಸರಿಹೋದರೆ ಪಕ್ಕದ ಹಳ್ಳಿಗೆ.

ತೊಡಕು ಒಂದೇ. ಇಸ್ರೇಲಿ ಸೇನೆಗೆ ಸುದ್ದಿ ಕೊಡುವವನನ್ನು ನಿದಾಲ್ ಊರಿನಲ್ಲಿ ದ್ರೋಹಿ ಅನ್ನುತ್ತಾರೆ. ಆ ಹೆಸರು ಒಮ್ಮೆ ಅಂಟಿದರೆ ಮೂರು ತಲೆಮಾರಿಗೂ ಬಿಡುವುದಿಲ್ಲ. ಮಾರ್ಚಿನ ಒಂದು ಭಾನುವಾರ ನಿದಾಲ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, 'ಮುನೀರ್ ಒಪ್ಪಿದ್ದಾನೆ. ಈ ಮಾತು ಈ ಕೋಣೆ ದಾಟಬಾರದು,' ಅಂದ. ಗಿಲಾದ್ ಎದ್ದು ಹೋಗಿ ಅವನ ಭುಜದ ಮೇಲೆ ಕೈಯಿಟ್ಟ. ಹೇಮಲತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನೂ ಕಣ್ಣೊರೆಸಿಕೊಂಡೆ, ಸುಳ್ಳು ಹೇಳುವುದಿಲ್ಲ.

ಅವರು ಹೋದ ಮೇಲೆ ನಾನು ಲ್ಯಾಪ್‌ಟಾಪ್ ತೆಗೆದೆ.

'ಅದೇನ್ರೀ ಬರೀತಿದೀರ?' ಅಂದಳು ಹೇಮಲತಾ.

'ಮಿನಿಟ್ಸ್.'

'ಅವರು ಫೋನೇ ಬೇಡ ಅಂತಾರೆ, ನೀವು ಮಿನಿಟ್ಸ್ ಬರೀತೀರಾ? ಇದೇನು ನಿಮ್ಮ ಆಫೀಸಾ?'

'ರೆಕಾರ್ಡ್ ಮಾಡೋದು ಬೇರೆ, ಮಿನಿಟ್ಸ್ ಬೇರೆ ಕಣೇ. ನಾಲ್ಕು ತಿಂಗಳು ಗುದ್ದಾಡಿ ಒಂದು ತೀರ್ಮಾನಕ್ಕೆ ಬಂದಿದಾರೆ. ಬರೆದಿಡದೆ ಇದ್ರೆ ನಾಳೆ ಇಬ್ರೂ ನಾನಂದಿಲ್ಲ ಅಂತಾರೆ.'

ಇಪ್ಪತ್ತೆರಡು ವರ್ಷದಿಂದ ನನ್ನ ಕಸುಬು ಅದೇ. ಬೆಂಗಳೂರಿನ ಕಂಪನಿಗಳಲ್ಲಿ ಬೆಳೆದ ನಮಗೆ ಮೀಟಿಂಗ್ ಮುಗಿದು ಮಿನಿಟ್ಸ್ ಹೋಗದಿದ್ದರೆ ಕೈ ತೊಳೆಯದೆ ಎದ್ದಂತಾಗುತ್ತದೆ. ಏನು ತೀರ್ಮಾನ, ಯಾರ ಜವಾಬ್ದಾರಿ, ಯಾವ ತಾರೀಕಿನೊಳಗೆ. ಅಚ್ಚುಕಟ್ಟಾಗಿ ಬರೆದೆ. ಮೂರನೆಯ ಸಾಲು: ಆಂಬುಲೆನ್ಸ್ ಚಾಲಕ ಮುನೀರ್, ನಿದಾಲ್‌ನ ಅಣ್ಣ, ಮುಂಚಿತವಾಗಿ ಮಾಹಿತಿ ಕೊಡಲು ಒಪ್ಪಿದ್ದಾನೆ, ಸಂಪರ್ಕ ಗಿಲಾದ್, ಏಪ್ರಿಲ್ ಒಂದರಿಂದ. ಹರ್ಷಿತಾ ನಾಲ್ಕು ತಿಂಗಳ ಹಿಂದೆ ಕಳಿಸಿದ್ದ ಮೊದಲ ಆಹ್ವಾನದ ಇಮೇಲನ್ನು ತೆಗೆದು, ಎಲ್ಲರಿಗೂ ಉತ್ತರಿಸು ಅನ್ನುವುದನ್ನು ಒತ್ತಿದೆ. ಆಹ್ವಾನ ಹೋದವರಿಗೆಲ್ಲ ಮಿನಿಟ್ಸ್ ಹೋಗಬೇಕು, ಅದು ಶಿಸ್ತು. ಆ ಪಟ್ಟಿಯಲ್ಲಿ ಯಾರು ಯಾರಿದ್ದಾರೆ ಎಂದು ನೋಡಲಿಲ್ಲ.

ಬುಧವಾರ ಹರ್ಷಿತಾ ಫೋನ್ ಮಾಡಿದಳು. ನಮ್ಮ ಜೊತೆ ಯಾವಾಗಲೂ ಬೆಂಗಳೂರಿನವರಂತೆ ಮಾತಾಡುವವಳು, ಅವತ್ತು ಅವಳ ಊರಿನ ಮಾತೇ ಬಂತು. 'ಅಂಕಲ್, ನೀವೇನ್ ಕಳ್ಸೀರಿ ಗೊತ್ತೈತೇನ್ರಿ? ಆ ಲಿಸ್ಟ್‌ನ್ಯಾಗ ನಮ್ಮ ಶಾಂತಿ ಗುಂಪಿನವ್ರು ಹದಿನಾಲ್ಕು ಮಂದಿ ಅದಾರ. ಯಾರೋ ಆ ಮಿನಿಟ್ಸ್ ಫೋಟೋ ತಗದು ಹಂಚ್ಯಾರ. ಈಗ ಅದು ನಿದಾಲ್ ಅವರ ಊರಿನ ಗ್ರೂಪ್‌ನ್ಯಾಗ ಬಂದೈತಿ. ಅರಬ್ಬೀಯೊಳಗ ಬರದು ಹಾಕ್ಯಾರ, ಈ ಮುನೀರ್ ಇಸ್ರೇಲಿನ ಬೇಹುಗಾರ ಅಂತ.'

ಅವಳು ಅಳುತ್ತಿದ್ದಳು. ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಗಿಲಾದ್ ಸಂಜೆ ಒಂದೇ ಮಾತು ಹೇಳಿದ: 'ನಾನು ಕೆಲಸದಲ್ಲಿದ್ದಾಗ ಇಂಥ ಒಂದು ಕಾಗದ ಸಿಕ್ಕಿದ್ದರೆ ನಮ್ಮ ಇಡೀ ಆಫೀಸಿಗೆ ಹಬ್ಬವಾಗುತ್ತಿತ್ತು.'

ನಿದಾಲ್ ಬೈಯಲಿಲ್ಲ. ಬೈದಿದ್ದರೆ ನನಗೆ ಒಂದಿಷ್ಟು ಸಮಾಧಾನವಾಗುತ್ತಿತ್ತೇನೋ. 'ಎಲ್ಲ ತಪ್ಪು ಅಂತ ಇನ್ನೊಂದು ಬರೆ,' ಎಂದು ಕೇಳಿಕೊಂಡ. 'ನೀನು ಹೊರಗಿನವನು. ನಿನ್ನ ಮಾತು ನಂಬಬಹುದು.' ಬರೆದೆ. ಜನ್ಮದಲ್ಲಿ ಮೊದಲ ಸಲ ಮಿನಿಟ್ಸ್‌ನಲ್ಲಿ ಸುಳ್ಳು ಬರೆದೆ. ಯಾವ ಚಾಲಕನ ಹೆಸರೂ ಬರಲಿಲ್ಲ, ನಾನು ತಪ್ಪು ತಿಳಿದೆ, ಕ್ಷಮಿಸಿ ಅಂತ. ಅದೇ ಹದಿನಾಲ್ಕು ಜನಕ್ಕೆ ಕಳಿಸಿದೆ. ಮೊದಲನೆಯದನ್ನು ಹಂಚಿದ ಕೈಗಳಿಗೆ ಎರಡನೆಯದನ್ನು ಹಂಚಲು ಬಿಡುವಾಗಲಿಲ್ಲ.

ಮುನೀರನ ಗಾಡಿಯ ಗಾಜು ಒಡೆದರು. ಅವನ ಮಕ್ಕಳ ಪಕ್ಕ ಶಾಲೆಯಲ್ಲಿ ಯಾರೂ ಕೂರುತ್ತಿರಲಿಲ್ಲ. ಆದರೂ ಅವನು ತಾಯಿಯನ್ನು ಕರೆದೊಯ್ಯುತ್ತಿದ್ದ, ಚೆಕ್‌ಪೋಸ್ಟಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದ. ಹೇಗಾದರೂ ತಣ್ಣಗಾದೀತು ಎಂದು ನಿದಾಲ್ ದಿನ ಎಣಿಸುತ್ತಿದ್ದ. ನಾವೂ ಎಣಿಸುತ್ತಿದ್ದೆವು.

ಆಗ ಗಿಲಾದ್ ಒಂದು ಒಳ್ಳೆಯ ಕೆಲಸ ಮಾಡಿದ. ನನ್ನ ತಪ್ಪಿನಲ್ಲಿ ತನ್ನದೂ ಪಾಲಿದೆ ಅಂತ ಅವನಿಗೆ ಕೊರಗು. ನಮಗೆ ಯಾರಿಗೂ ಹೇಳದೆ ಆ ಹಳೆಯ ಗೆಳೆಯನಿಗೆ ಫೋನ್ ಮಾಡಿ ಗಾಡಿಯ ನಂಬರು ಕೊಟ್ಟು, 'ಆ ಮುದುಕಿಯನ್ನಾದರೂ ಕಾಯಿಸಬೇಡಿ,' ಎಂದು ಬೇಡಿಕೊಂಡ. ಮಾರನೆಯ ಬೆಳಿಗ್ಗೆ ಮುನೀರನ ಆಂಬುಲೆನ್ಸ್ ಬಂದ ಕೂಡಲೇ ಸಿಪಾಯಿ ಒಳಗೆ ಒಮ್ಮೆ ಬಗ್ಗಿ ನೋಡಿ, ಕೈಬೀಸಿ ಬಿಟ್ಟುಬಿಟ್ಟ. ಐದು ನಿಮಿಷವೂ ಆಗಲಿಲ್ಲ. ಬೆಳಗಿನಿಂದ ಕಾಯುತ್ತಿದ್ದ ಹನ್ನೆರಡು ಗಾಡಿಗಳ ಜನ ಇಳಿದು ನಿಂತು ನೋಡುತ್ತಿದ್ದರು. ಒಬ್ಬ ವಿಡಿಯೋ ಮಾಡಿಕೊಂಡ. ನನ್ನ ಕಾಗದವನ್ನು ನಂಬದಿದ್ದವರೂ ಅದನ್ನು ನೋಡಿ ನಂಬಿದರು.

ಅವತ್ತು ಸಂಜೆ ತಾಯಿ ಮಗನನ್ನು ಕರೆದು, 'ಇನ್ನು ನಾನು ನಿನ್ನ ಗಾಡಿ ಹತ್ತುವುದಿಲ್ಲ,' ಅಂದಳಂತೆ. 'ನಾನು ಹತ್ತಿದರೆ ಗೇಟು ತೆರೆಯುತ್ತದೆ. ತೆರೆದರೆ ನಿನ್ನ ಮಕ್ಕಳಿಗೆ ಈ ಊರಲ್ಲಿ ಬಾಳಿಲ್ಲ.' ಮುನೀರ್ ಕಾಲು ಹಿಡಿದ. ನಿದಾಲ್ ನಾಟಿಂಗ್‌ಹ್ಯಾಮ್‌ನಿಂದ ವಿಡಿಯೋದಲ್ಲಿ ಗಂಟೆಗಟ್ಟಲೆ ಗೋಗರೆದ. ಬೇರೆ ಗಾಡಿಯವರು ಆ ಮನೆಯವರನ್ನು ಹತ್ತಿಸಿಕೊಳ್ಳಲು ತಯಾರಿರಲಿಲ್ಲ. ಆಕೆಯ ಮೈ ಊದಿತು, ಉಸಿರು ಕಟ್ಟಿತು. ಹನ್ನೊಂದನೆಯ ದಿನ ಹೋದಳು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ನಾನು ನೋಡೇ ಇರದ ಒಬ್ಬ ತಾಯಿ ಉಂಡಳು.

ಸಾವಿನ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಹೇಮಲತಾ ಅನ್ನ, ಸಾರು ಮಾಡಿ ಡಬ್ಬಿಗೆ ತುಂಬಿದಳು. ಗಿಲಾದ್ ತಾನೂ ಬರುತ್ತೇನೆಂದ. ಮಧ್ಯಾಹ್ನ ನಾಟಿಂಗ್‌ಹ್ಯಾಮ್ ತಲುಪಿದೆವು. ಅವನು ಕಾರಿನಲ್ಲೇ ಉಳಿದ, ನಾವಿಬ್ಬರು ಮೇಲೆ ಹೋದೆವು. ಇಕ್ಕಟ್ಟಾದ ಕೋಣೆ. ನಿದಾಲ್ ಮಂಚದ ಮೇಲೆ ಕೂತಿದ್ದ. ನಾನು ಅವನ ಕೈ ಹಿಡಿದು ಕ್ಷಮಿಸು ಅಂದೆ.

'ನೀನು ತಪ್ಪೇನೂ ಬರೆದಿರಲಿಲ್ಲ, ರಂಗ. ಎಲ್ಲ ಸರಿಯಾಗಿಯೇ ಬರೆದಿದ್ದೆ,' ಅಂದ. ಅದರಲ್ಲಿ ವ್ಯಂಗ್ಯವೂ ಇರಲಿಲ್ಲ.

'ಗಿಲಾದ್ ಕೆಳಗಿದ್ದಾನೆ.'

ಅವನು ಎದ್ದು ಕಿಟಕಿಯ ಪರದೆ ಎಳೆದ. 'ಬೇಡ. ಅವನು ಬಂದದ್ದನ್ನು ಈ ಮನೆಯಲ್ಲಿರುವ ನಮ್ಮ ಕಡೆಯ ಹುಡುಗರು ನೋಡಿದರೆ ಊರಿಗೆ ಸುದ್ದಿ ಮುಟ್ಟುತ್ತದೆ. ನೀವೂ ಇನ್ನು ಬರಬೇಡಿ.'

ಹೇಮಲತಾ ಡಬ್ಬಿಯನ್ನು ಮೇಜಿನ ಮೇಲಿಟ್ಟು, ತನಗೆ ಬರುವ ಇಂಗ್ಲಿಷಿನಲ್ಲಿ, ಮುನೀರ್ ತಾಯಿಗೆ ಹೆಗಲು ಕೊಟ್ಟನೇ ಎಂದು ಕೇಳಿದಳು. ನಮ್ಮ ಕಡೆ ಮೊದಲು ಕೇಳುವುದು ಅದನ್ನೇ.

ನಿದಾಲ್ ತಲೆಯಲ್ಲಾಡಿಸಿದ.

'ಹತ್ತಿರ ಬರಲು ಬಿಡಲಿಲ್ಲ. ಅವನು ಗಾಡಿಯಲ್ಲಿ ಕೂತು ದೂರದಿಂದ ನೋಡಿದ. ಅಮ್ಮನನ್ನು ಹೊತ್ತವರು ಆ ಮಿನಿಟ್ಸ್ ಫೋಟೋವನ್ನು ಊರಲ್ಲಿ ಹಂಚಿದವರು.'