ಶಲ್ಯದ ಕೆಳಗಿನ ಪಗಾರ

ಪ್ರಭುಲಿಂಗಪ್ಪನವರು ಯಾವ ಆಳಿಗೂ ಅವನ ಪಗಾರ ಎಷ್ಟೆಂದು ಬಾಯಿಬಿಟ್ಟು ಹೇಳಿದವರಲ್ಲ. ರೋಣದಿಂದ ಗಜೇಂದ್ರಗಡದ ಕಡೆಗೆ ರಸ್ತೆ ಹೊರಳುವಲ್ಲಿ ಅವರ ಕಡಲೆಬೇಳೆ ಗಿರಣಿ. ದೀಪಾವಳಿ ಪಾಡ್ಯದ ಪೂಜೆ ಮುಗಿದು, ಕರ್ಪೂರದ ವಾಸನೆ ಬೇಳೆಯ ಧೂಳಿನೊಡನೆ ಇನ್ನೂ ಬೆರೆತಿರುವಾಗಲೇ ಅವರು ಒಳಕೋಣೆಯ ಗಾದಿಯ ಮೇಲೆ ಕುಳಿತು ಚೀಲ ಹೊರುವ ಹಮಾಲರನ್ನು ಒಬ್ಬೊಬ್ಬರನ್ನಾಗಿ ಕರೆಯುವರು. ಬಂದವನು ಎದುರಿಗೆ ಕುಳಿತು ಬಲಗೈ ಚಾಚಬೇಕು. ಸಾಹುಕಾರರು ಹೆಗಲ ಮೇಲಿನ ಶಲ್ಯವನ್ನು ಇಬ್ಬರ ಕೈಗಳ ಮೇಲೂ ಹೊದಿಸಿ, ದನದ ಸಂತೆಯಲ್ಲಿ ದಲಾಲರು ಎತ್ತಿನ ಬೆಲೆ ಗೊತ್ತುಮಾಡುವ ರೀತಿಯಲ್ಲಿ, ಅವನ ಬೆರಳುಗಳನ್ನು ಒತ್ತಿ ಒತ್ತಿ ಆ ವರ್ಷದ ಪಗಾರವನ್ನು ತಿಳಿಸುವರು. ಎಲ್ಲ ಒತ್ತಿ ಮುಗಿದ ಮೇಲೆ ಒಂದು ಕ್ಷಣ ತಡೆದು, ಕಿರುಬೆರಳನ್ನು ಮತ್ತೊಮ್ಮೆ ಮೆಲ್ಲಗೆ ಒತ್ತಿ, ಹುಬ್ಬು ಹಾರಿಸಿ, "ಇದು ನಿನಗಷ್ಟಽ. ನಮ್ಮ ನಮ್ಮೊಳಗ ಇರ್ಲಿ" ಎನ್ನುವರು. ಹೊರಗೆ ಬಂದವನು ಮುಖದ ನಗೆಯನ್ನು ಮುಚ್ಚಿಕೊಳ್ಳಲು ಪಾಡುಪಡುತ್ತ ಪ್ರಸಾದದ ತಟ್ಟೆಯ ಕಡೆಗೆ ನಡೆಯುತ್ತಿದ್ದ.

ಈ 'ನಮ್ಮ ನಮ್ಮೊಳಗ' ಎಂಬುದು ಅವರ ನಾಲಿಗೆಯ ಮೇಲೆ ಮನೆ ಕಟ್ಟಿಕೊಂಡಿದ್ದ ಮಾತು. ಮಳೆ ಬಂದೀತೆಂಬ ಸುದ್ದಿಯನ್ನೂ, ತಮಗೆ ಮಂಡಿನೋವೆಂಬ ಸಂಗತಿಯನ್ನೂ, ಇಡೀ ರೋಣಕ್ಕೆ ಗೊತ್ತಿದ್ದ ಕಡಲೆಯ ದರವನ್ನೂ ಅವರು ಕಿವಿಯ ಹತ್ತಿರ ಬಂದು ಗುಟ್ಟಾಗಿಯೇ ಹೇಳುವರು. ನಡೆಯುವಾಗ ಎಡಭುಜವನ್ನು ಮುಂದೆ ಮಾಡಿ, ಎಲ್ಲಿಯೂ ಇಲ್ಲದ ಒಂದು ಇಕ್ಕಟ್ಟಾದ ಬಾಗಿಲಿನಲ್ಲಿ ನುಸುಳುವವರಂತೆ ನಡೆಯುವರು. ಧೋತರದ ಮೇಲೆ ಕಂದುಬಣ್ಣದ ಒಂದು ಕೋಟು. ಚೈತ್ರದ ಉರಿಬಿಸಿಲಿನಲ್ಲಿಯೂ ಅದು ಮೈಯಿಂದ ಇಳಿಯದು. ಅದರ ಜೇಬಿನಲ್ಲಿ ಸದಾ ಒಂದು ಹಿಡಿ ಕಡಲೆ. ಎದುರಿಗೆ ಬಂದವನನ್ನು ಮಾತಾಡಿಸುವ ಮೊದಲು ಅವನ ಅಂಗೈಗೆ ನಾಲ್ಕು ಕಾಳು ಹಾಕದಿದ್ದರೆ ಅವರಿಗೆ ಮಾತೇ ಹೊರಡದು. ಪತ್ನಿ ಗೌರವ್ವ ಆ ಕೋಟನ್ನು ಒಗೆಯಲು ವರ್ಷವಿಡೀ ಹೊಂಚುಹಾಕುತ್ತಿದ್ದರು. ಬೇಳೆ ಆರಿಸುವ ಹೆಂಗಸರ ಪಗಾರವನ್ನು ಅಡುಗೆಮನೆಯಲ್ಲಿ ಕಿವಿಯಲ್ಲಿ ಉಸುರುವ ಕೆಲಸವೂ ಅವರದೇ ಆಗಿತ್ತು, ಪರಸ್ತ್ರೀಯರ ಬೆರಳು ಹಿಡಿಯುವಷ್ಟು ಸಂಪ್ರದಾಯಗೇಡಿಯಲ್ಲ ನಮ್ಮ ಸಾಹುಕಾರ.

ಹಮಾಲರಲ್ಲಿ ಹಳಬ ಅಬ್ಬಿಗೇರಿಯ ಮುತ್ತಪ್ಪ. ಮೀಸೆ ಚಿಗುರುವ ಮೊದಲೇ ಗಿರಣಿಗೆ ಬಂದವನು, ಈಗ ಅವನ ಮೀಸೆಯೂ ಬೇಳೆಯ ಧೂಳೂ ಒಂದೇ ಬಣ್ಣ. ಅವನಿಗೆ ಒಮ್ಮೆ ವಿಷಮಜ್ವರ ಬಂದಾಗ ಪ್ರಭುಲಿಂಗಪ್ಪನವರು ತಾವೇ ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ದು, ಅವನು ಕಣ್ಣು ಬಿಡುವವರೆಗೂ ಅದೇ ಕೋಟಿನಲ್ಲಿ ಬೆಂಚಿನ ಮೇಲೆ ಕುಳಿತಿದ್ದರು. ಗಿರಣಿ ನಿಂತರೂ ಎದ್ದುಬರಲಿಲ್ಲ. ಅವನ ಮಗಳ ಲಗ್ನದಲ್ಲಿ ಬೀಗರ ಮುಂದೆ ಕೈಮುಗಿದು ನಿಂತವರೂ ಅವರೇ. ಇದೆಲ್ಲ ನಟನೆಯಲ್ಲ. ಆ ಮನುಷ್ಯನ ಮೇಲೆ ಅವರಿಗಿದ್ದ ಮಮತೆ ಒಡಹುಟ್ಟಿದವರ ಮೇಲೂ ಇರಲಿಲ್ಲವೆಂದು ಗೌರವ್ವನೇ ಮುನಿಸಿನಿಂದ ಹೇಳುತ್ತಿದ್ದುದುಂಟು.

ಮುತ್ತಪ್ಪನ ಮಟ್ಟಿಗೆ ಆ ಮಮತೆಯೆಲ್ಲ ಕಿರುಬೆರಳಿನ ಆ ಒಂದು ಒತ್ತಿನಲ್ಲಿ ನೆಲಸಿತ್ತು. ಗಜೇಂದ್ರಗಡದ ಗಿರಣಿಯೊಂದರವರು ಹೆಚ್ಚಿನ ಕೂಲಿಗೆ ಕರೆದಾಗ ಅವನು ಹೋಗಲಿಲ್ಲ. ಜೊತೆಯ ಹಮಾಲರು ಪಗಾರ ಸಾಲದೆಂದು ಗೊಣಗಿದಾಗಲೆಲ್ಲ, "ಸುಮ್ನ ಇರ್ರೋ, ಅವರ ಕಷ್ಟ ನಿಮಗೇನ ಗೊತ್ತೈತಿ" ಎಂದು ಗದರಿಸಿ ಬಾಯಿ ಮುಚ್ಚಿಸುತ್ತಿದ್ದ. ಮನೆಯಲ್ಲಿ ಹೆಂಡತಿ ಕೇಳಿದರೆ ಮಾತ್ರ, "ಸಾವಕಾರ್ರು ನನ್ನ ಬ್ಯಾರೇನಽ ನೋಡ್ತಾರ" ಎಂದು ಹೇಳಿ, ಹೇಗೆ ಎಂಬುದನ್ನು ಹೇಳದೆ ಮಲಗಿಬಿಡುತ್ತಿದ್ದ.

ಸರಕಾರ ಕನಿಷ್ಠ ಕೂಲಿಯನ್ನು ಏರಿಸಿದ ವರ್ಷ, ನರಗುಂದದಲ್ಲಿ ಸುತ್ತಲಿನ ಗಿರಣಿ ಮಾಲಕರೆಲ್ಲ ಒಂದೆಡೆ ಸೇರಿದರು. ಚಹಾ, ಚುರುಮುರಿ, ನಿಟ್ಟುಸಿರು. ಬೇಳೆಯ ದರ ನಮ್ಮ ಕೈಯಲ್ಲಿಲ್ಲ, ದೊಡ್ಡ ಊರಿನ ದೊಡ್ಡ ಯಂತ್ರಗಳ ಮುಂದೆ ನಾವು ಹೇಗೆ ನಿಲ್ಲುವುದು ಎಂಬ ಮಾತು ಸುಳ್ಳೇನೂ ಆಗಿರಲಿಲ್ಲ. ಕೊನೆಗೆ ಒಬ್ಬರು, "ಸಹಿ ಹೊಸಾ ಕೂಲಿಗೆ ಹಾಕಸ್ಕೊಳ್ಳೂಣು, ಕೊಡೂದು ಹಿಂದಿನಷ್ಟಽ ಕೊಡೂಣು" ಎಂದರು. ಪ್ರಭುಲಿಂಗಪ್ಪನವರು ಭುಜ ಮುಂದೆ ಮಾಡಿ ಎದ್ದು ನಿಂತರು. "ಸುಳ್ಳಿಗೆ ಸಹಿ ಹಾಕಸೂದು ನನ್ನ ಕಡೆ ಆಗೂದಿಲ್ಲ್ರಿ. ಕೊಡೂದಾದ್ರ ಕೊಡೂಣು, ಇಲ್ಲಾಂದ್ರ ಬಾಗಲಾ ಹಾಕೂಣು." ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ಅಲ್ಲಿದ್ದವರು ಯಾರೂ ಅದುವರೆಗೆ ಕೇಳಿರಲಿಲ್ಲ.

ಹೇಳಿದಂತೆಯೇ ನಡೆದರು. ಹೊಸ ಕೂಲಿಯ ದರಪಟ್ಟಿ ಗಿರಣಿಯ ಗೋಡೆಗೆ ಬಂತು. ಪಗಾರ ಬ್ಯಾಂಕಿನ ಖಾತೆಗೆ ಹೋಗತೊಡಗಿತು. ಪ್ರತಿ ಬೇಸಿಗೆಯಲ್ಲಿ ಗೋವೆಗೆ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಓಡುತ್ತಿದ್ದ ತನ್ವೀರನೆಂಬ ತರುಣ ಹಮಾಲ ಆ ವರ್ಷ ಊರಲ್ಲೇ ಉಳಿದು, ಮಗಳನ್ನು ತಾನೇ ಕೈಹಿಡಿದು ಶಾಲೆಗೆ ಬಿಟ್ಟುಬಂದ. ಆ ಕೂಲಿ ಏರಿದ್ದು ತಪ್ಪೆಂದು ಹೇಳುವ ಬಾಯಿ ಯಾರಿಗಿದ್ದೀತು? ಆದರೆ ಗಿರಣಿಯ ಗಂಟಲು ಬಿಗಿಯಿತೆಂಬುದೂ ನಿಜ. ವಾರದಲ್ಲಿ ಎರಡು ದಿನ ಯಂತ್ರ ನಿಂತಿತು, ಬೇಳೆ ಆರಿಸುವ ಹೆಂಗಸರಿಗೆ ಸರದಿಯ ಮೇಲೆ ಮಾತ್ರ ಕೆಲಸವೆಂದಾಯಿತು. ಅವರಲ್ಲಿ ಹಿರಿಯಳಾದ ಸಾವಕ್ಕ ಗೌರವ್ವನ ಮುಂದೆ ಮೊರ ಕೊಡವುತ್ತ, "ದಿನಕ್ಕ ಹೆಚ್ಚು ಬಂತ್ರಿ ಅವ್ವಾರ, ದಿನಾನಽ ಕಡಿಮಿ ಆದ್ವು" ಎಂದು ನಕ್ಕಳು. ಗೌರವ್ವನಿಗೆ ನಗು ಬರಲಿಲ್ಲ.

ಅನಾಹುತ ನಡೆದದ್ದು ಇವೆಲ್ಲದರ ನಡುವೆ, ಒಂದು ಸಂಜೆಯ ಚಹಾದ ಹೊತ್ತಿನಲ್ಲಿ. ದರ ಗೋಡೆಯ ಮೇಲೆ ಬಂದ ಮೇಲೆ ಪಗಾರ ಗುಟ್ಟಾಗಿ ಉಳಿಯಲಿಲ್ಲ. ಹಮಾಲರ ನಾಲಿಗೆ ಸಡಿಲವಾಗಿತ್ತು. ಚೀಲಗಳ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ ತನ್ವೀರ ನಗುತ್ತ, "ಇನ್ನ ಹೇಳಿದ್ರ ಏನೂ ಆಗೂದಿಲ್ಲ ಬಿಡ್ರಿ. ಸಾವಕಾರ್ರು ನನಗ ಕಿರಿಬೆರಳ ಒಂದ ಹೆಚ್ಚಿಗಿ ಒತ್ತತಿದ್ರು, ನಿನಗಷ್ಟಽ ಅಂತಿದ್ರು" ಎಂದ. ಪಕ್ಕದವನು, "ಯಪ್ಪಾ, ನನಗೂ ಹಂಗಽ ಅಂತಿದ್ರಲ್ಲೋ!" ಎಂದ. ಅದರಾಚೆಯವನೂ ಕಿರುಬೆರಳು ಎತ್ತಿ ತೋರಿಸಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರ ನಗೆಯಲ್ಲೂ ವಿಷವಿರಲಿಲ್ಲ, ಒಬ್ಬ ಜಾಣ ಮುದುಕನ ಚೇಷ್ಟೆಗೆ ನಕ್ಕಂತೆ ನಕ್ಕರು. ಮುತ್ತಪ್ಪ ಮಾತ್ರ ನಗಲಿಲ್ಲ. ಹೇಳಿಕೊಳ್ಳಲು ಬಾಕಿ ಉಳಿದಿದ್ದವನು ಅವನೊಬ್ಬನೇ, ಎಲ್ಲರೂ ಅವನ ಕಡೆಗೆ ನೋಡುತ್ತಿದ್ದರು. ಅವನು ಚಹಾದ ಗ್ಲಾಸು ಕೆಳಗಿಟ್ಟು, ಉಳಿದ ಚೀಲಗಳನ್ನು ಲಾರಿಗೆ ಏರಿಸಿ, ಹಮಾಲಿಯ ಕೊಕ್ಕೆಯನ್ನು ತಕ್ಕಡಿಯ ಮೇಲಿಟ್ಟು ಅಬ್ಬಿಗೇರಿಯ ಬಸ್ಸು ಹತ್ತಿದ. ಮರುದಿನ ಅವನು ಗಿರಣಿಗೆ ಬರಲಿಲ್ಲ.

ಪ್ರಭುಲಿಂಗಪ್ಪನವರಿಗೆ ವಿಷಯ ತಿಳಿಯಲು ಬಹಳ ಹೊತ್ತು ಹಿಡಿಯಲಿಲ್ಲ. ಅವರು ಮೋಸ ಮಾಡಿದ್ದರೇ? ಚೀಲದ ಭಾರ ಎಲ್ಲರಿಗೂ ಒಂದೇ, ಆದ್ದರಿಂದ ಪಗಾರವೂ ಒಂದೇ ಎಂಬುದು ಅವರ ನ್ಯಾಯ. ಮೊದಲು ಒಂದು ಒತ್ತು ಕಡಿಮೆ ಹಿಡಿದು, ಆಮೇಲೆ ಅದನ್ನೇ ಮೇಲೆ ಕೊಟ್ಟಂತೆ ಒತ್ತುವುದು ಅವರ ವ್ಯಾಪಾರ. ಕೊಂಡವನು ಖುಷಿಯಿಂದ ಹೋಗಬೇಕು, ಅಷ್ಟೆ. ಆ ಖುಷಿಗೆ ಖರ್ಚಿಲ್ಲವೆಂದೇ ಅವರು ನಂಬಿದ್ದರು. ಮುತ್ತಪ್ಪನೊಬ್ಬನ ಬೆರಳನ್ನು ಒತ್ತುವಾಗ ಆ ಮಾತು ಅವರ ಎದೆಯಿಂದಲೇ ಬರುತ್ತಿತ್ತು. ಆದರೆ ಬಂದ ಮಾತಿನ ಹಿಂದೆ ನಿಜವಾಗಿ ಒಂದಿಷ್ಟು ಹೆಚ್ಚಿಗೆ ಇಡಬೇಕೆಂದು ಅಷ್ಟು ವರ್ಷಗಳಲ್ಲಿ ಅವರಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಇದನ್ನು ಬರೆಯುವಾಗ ನನಗೆ ಅವರ ಮೇಲೆ ಸಿಟ್ಟೂ ಬರುತ್ತದೆ, ಕರುಣೆಯೂ ಬರುತ್ತದೆ.

ಮುಂದಿನ ಸೋಮವಾರ ಅವರು ತಾವೇ ಅಬ್ಬಿಗೇರಿಗೆ ಹೋದರು. ಮುತ್ತಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿದ, ಚಹಾ ತರಿಸಿದ, ಎಂದಿನಂತೆ ಕೆಳಗೆ ಕುಳಿತ. ಜೇಬಿನಿಂದ ತೆಗೆದ ನಾಲ್ಕು ಕಾಳು ಕಡಲೆಯನ್ನೂ ಬೇಡವೆನ್ನದೆ ಇಸಿದುಕೊಂಡ. ಸಾಹುಕಾರರು, "ನಿನ್ನ ನಾ ಖರೇನಽ ಹೆಚ್ಚು ತಿಳಕೊಂಡಿದ್ನೋ ಮುತ್ತಪ್ಪ" ಎಂದರು. ಎಂದವರೇ, ಬೇರೆ ದಾರಿ ಗೊತ್ತಿಲ್ಲದೆ, ಹೆಗಲ ಶಲ್ಯ ತೆಗೆದು ಕೈಚಾಚಿದರು. ಈ ಸಲ ನಿಜವಾಗಿಯೇ ಅವನಿಗೊಂದಿಷ್ಟು ಹೆಚ್ಚು ಒತ್ತಬೇಕೆಂಬ ಮನಸ್ಸು ಅವರಿಗಿತ್ತು. ಮುತ್ತಪ್ಪ ಕೈ ಕೊಡಲಿಲ್ಲ.

"ಈಗ ಬಾಯೀಲೆ ಹೇಳ್ರಿ ಸಾವಕಾರ್ರಽ. ನಾಕ ಮಂದಿ ಕೇಳೂಹಂಗ ಹೇಳ್ರಿ."

ಅವರು ಬಾಯಿ ತೆರೆದರು. ತನ್ವೀರನ ಮುಖ, ಸಾವಕ್ಕನ ಮುಖ, ನಿಂತ ಯಂತ್ರ, ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿರಬೇಕು. ಒಬ್ಬನಿಗೆ ಎಲ್ಲರೆದುರು ಹೆಚ್ಚೆಂದು ಹೇಳಿದರೆ ಉಳಿದವರಿಗೆ ಕಾರಣ ಹೇಳಬೇಕು. ನೀನು ಹಳಬ, ನಿನ್ನಿಂದ ಗಿರಣಿ ನಿಂತಿದೆ, ನೀನು ನನ್ನವನು ಎಂಬ ಕಾರಣವನ್ನು ಬಯಲಿನಲ್ಲಿ ಹೇಳಿ ಅವರಿಗೆ ರೂಢಿಯಿರಲಿಲ್ಲ. ಹೇಳಿದ್ದರೆ ಹಣವಿಲ್ಲದೆಯೂ ಮುತ್ತಪ್ಪ ಎದ್ದುಬರುತ್ತಿದ್ದನೋ ಏನೋ. ಚಹಾ ಮುಗಿಯಿತು. ಅವರು ಎದ್ದು, ಭುಜ ಮುಂದೆ ಮಾಡಿ, ಬಸ್ಸಿನ ಕಡೆಗೆ ನಡೆದರು.

ಈಗ ಮುತ್ತಪ್ಪ ಗಜೇಂದ್ರಗಡದ ಗಿರಣಿಯಲ್ಲಿದ್ದಾನೆ. ಅಲ್ಲಿಯೂ ಈಗ ಸರಕಾರ ಗೊತ್ತುಮಾಡಿದ ಅದೇ ಕೂಲಿ. ಇಟಗಿಯ ಭೀಮಾಂಬಿಕೆಯ ಗುಡಿಗೆ ಹೋಗಿದ್ದ ಗೌರವ್ವನಿಗೆ ಅವನು ಸಿಕ್ಕಿ, ಕಾಲುಮುಟ್ಟಿ ನಮಸ್ಕಾರ ಮಾಡಿದನಂತೆ. ಅಲ್ಲಿ ಹೇಗಿದೆಯಪ್ಪಾ ಎಂದು ಕೇಳಿದರೆ, "ಅಲ್ಲಿ ಯಾರೂ ನನ್ನ ಹೆಚ್ಚಿನಾವ ಅಂತ ಅನ್ನೂದಿಲ್ಲವ್ವಾ. ಗ್ವಾಡಿ ಮ್ಯಾಲೆ ಬರದಷ್ಟು ಕೊಡ್ತಾರ. ನಿದ್ದಿ ಚಲೋ ಬರ್ತೈತಿ" ಎಂದನಂತೆ. ಮನೆಗೆ ಬಂದು ಗಂಡನಿಗೆ ಹೇಳಬಾರದೆಂದುಕೊಂಡೇ ಬಂದ ಗೌರವ್ವ ಊಟಕ್ಕೆ ಬಡಿಸುತ್ತ ಹೇಳಿಬಿಟ್ಟರು. ಪ್ರಭುಲಿಂಗಪ್ಪನವರು ಕಲಸಿದ ಅನ್ನವನ್ನು ಬಿಟ್ಟು ಕೈತೊಳೆದರು.

ನಮ್ಮ ಸೀಮೆಯಲ್ಲಿ ಇಂಥ ಸಾಹುಕಾರರು ಒಬ್ಬಿಬ್ಬರಲ್ಲ. ದವಾಖಾನೆಗೆ ಹೊತ್ತೊಯ್ಯುವರು, ಲಗ್ನ ಮಾಡಿಸುವರು, ಸತ್ತರೆ ಹೆಗಲು ಕೊಡುವರು. ದುಡಿದದ್ದಕ್ಕೆ ತಕ್ಕಷ್ಟು ಕೊಡುವುದೊಂದನ್ನು ಮಾತ್ರ ತಾವು ತೋರುವ ಕೃಪೆಯೆಂದು ಭಾವಿಸಿ ಬದುಕಿಬಿಡುವರು. ಸಲ್ಲಬೇಕಾದ್ದನ್ನು ಸಲ್ಲಿಸಿದ ಮೇಲೂ ಕೊಡಬಹುದಾದದ್ದು ಮನುಷ್ಯನ ಹತ್ತಿರ ಏನಾದರೂ ಉಳಿದಿರುತ್ತದೆಯೇ ಎಂದು ಅವರು ಎಂದೂ ತಮ್ಮನ್ನು ಕೇಳಿಕೊಂಡವರಲ್ಲ. ಕಾನೂನು ಬಂದು ಕೇಳಿದಾಗ ಪ್ರಭುಲಿಂಗಪ್ಪನವರು ಕೂಲಿಯನ್ನು ಪೂರ್ತಿ ಎಣಿಸಿ ಕೊಟ್ಟರು, ಅದಕ್ಕಾಗಿ ಅವರಿಗೆ ಕೈಮುಗಿಯಬೇಕು. ಪ್ರೀತಿಯನ್ನು ಕೇಳಲು ಕಾನೂನು ಬರುವುದಿಲ್ಲ. ಅದನ್ನು ಕೇಳಿದವನು ಮುತ್ತಪ್ಪ, ಅದೂ ನಾಲ್ಕು ಜನರ ಎದುರಿಗೆ. ಅಷ್ಟು ದೊಡ್ಡ ಮೊತ್ತವನ್ನು ಅವರು ಯಾರಿಗೂ ಕೊಟ್ಟು ಗೊತ್ತಿರಲಿಲ್ಲ.